ಕಾಯಿಲೆ ಬಿದ್ದರೆ ಸಿಯಾಚಿನ್‌ನಲ್ಲೇ ಬೀಳಪ್ಪ

ಸೇನೆಗೆ ಸೇರಲು ಬಂದ ಹುಡುಗನ ಮೈಯನ್ನು ಸರ್ಕಾರ ನೋಡುವಷ್ಟು ಶ್ರದ್ಧೆಯಿಂದ ಹೆಣ್ಣು ಕೊಡುವ ಮಾವನೂ ಅಳಿಯನನ್ನು ನೋಡಲಿಕ್ಕಿಲ್ಲ. ಎದೆ ಉಬ್ಬಿಸು, 5 ಸೆಂಟಿಮೀಟರ್ ಹಿಗ್ಗಬೇಕು. ನೇರ ನಿಲ್ಲು, ಮಂಡಿಗೆ ಮಂಡಿ ತಾಗುತ್ತಾ ನೋಡೋಣ. ಅಂಗಾಲು ಚಪ್ಪಟೆಯಾ? ಕಿವಿಯಲ್ಲಿ ಗುಗ್ಗೆ ಇದ್ದರೆ ತೆಗೆಸಿಕೊಂಡು ಬಾ. 1.6 ಕಿಲೋಮೀಟರ್ ಓಡಿಸಿ, ರಕ್ತ ಮೂತ್ರ ಎಲ್ಲ ನೋಡಿ, ಕೊನೆಗೆ ‘ಶೇಪ್-1’ ಎಂದು ಬರೆಯುತ್ತಾರೆ. ಮನಸ್ಸು, ಕಿವಿ, ಕೈಕಾಲು, ಒಟ್ಟು ದೇಹ, ಕಣ್ಣು: ಐದಕ್ಕೆ ಐದೂ ಪಾಸು. ಆ ಗಳಿಗೆಯಿಂದ ಆ ಮೈ ದೇಶದ ಆಸ್ತಿ.

ಒಂದು ದಿನ ಅದು ಕೆಡುತ್ತದೆ. ಕೆಟ್ಟ ತಕ್ಷಣ ಆಸ್ತಿಯ ಖಾತೆ ಬದಲಾಗಿಬಿಡುತ್ತದೆ. ಬಿಪಿ ಅಪ್ಪನ ಕಡೆಯಿಂದ ಬಂದದ್ದು, ಸಕ್ಕರೆ ಅಜ್ಜಿಯದು, ಮನಸ್ಸಿನ ತೊಂದರೆ ಹುಟ್ಟಿನಿಂದಲೇ ಇದ್ದದ್ದು. ಮೆಡಿಕಲ್ ಬೋರ್ಡು ಬರೆಯುವ ಸಾಲು ಎಲ್ಲರಿಗೂ ಬಾಯಿಪಾಠ: ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಜಾಸ್ತಿಯಾದದ್ದೂ ಅಲ್ಲ. ಅಲ್ಲಿಗೆ ಅಂಗವೈಕಲ್ಯ ಪಿಂಚಣಿಯ ಬಾಗಿಲು ಬಂದ್. ಸೇರುವಾಗ ಮಂಡಿ ಸಂದಿಯನ್ನೂ ಬಿಡದೆ ನೋಡಿದವರಿಗೆ ಈ ಅಜ್ಜಿ ಆಗ ಹೇಗೆ ಕಾಣಿಸಲಿಲ್ಲವೋ!

ಯೂನಿಟ್ಟಿನ ಕಥೆ ಇನ್ನೂ ಸೊಗಸು. ಆಸ್ಪತ್ರೆಯಿಂದ ‘ಲೋ ಮೆಡಿಕಲ್ ಕ್ಯಾಟಗರಿ’ ಕಾಗದ ಹಿಡಿದು ವಾಪಸ್ ಬಂದವನಿಗೆ ಹೆಸರೇ ಹೋಗಿರುತ್ತದೆ. ಅವನೀಗ ‘ಕ್ಯಾಟಗರಿ’. ಓಡುವಂತಿಲ್ಲ, ಭಾರ ಎತ್ತುವಂತಿಲ್ಲ, ಎತ್ತರದ ಜಾಗಕ್ಕೆ ಹೋಗುವಂತಿಲ್ಲ. ಆದರೆ ಯೂನಿಟ್ಟಿನ ಲೆಕ್ಕದಲ್ಲಿ ಒಂದು ತಲೆಯಂತೂ ಹೌದು. ಅವನು ಇರುವ ತನಕ ಅವನ ಜಾಗಕ್ಕೆ ಇನ್ನೊಬ್ಬ ಬರುವುದಿಲ್ಲ. ಹೋದ ತಿಂಗಳು ಬೆನ್ನು ತಟ್ಟಿದ ಸಾಹೇಬರೇ ಈ ತಿಂಗಳು ಅವನ ಬೆನ್ನುನೋವನ್ನು ಸಂಶಯದಿಂದ ನೋಡುತ್ತಾರೆ. ನಿಜವಾಗಿ ನೋವಾ, ಇಲ್ಲ ನಾಟಕವಾ? ಲಂಗರ್ ಎಂಬ ಅಡುಗೆಮನೆಯಲ್ಲಿ ನಿಲ್ಲಿಸಿ, ಗೇಟಿನ ರಿಜಿಸ್ಟರ್ ಕೊಟ್ಟು, ಸ್ಟೋರಿನಲ್ಲಿ ಕಂಬಳಿ ಎಣಿಸಲು ಹಚ್ಚಿ ನೋಡುತ್ತಾರೆ. ಇದಕ್ಕೆ ‘ಶೆಲ್ಟರ್ಡ್ ಅಪಾಯಿಂಟ್‌ಮೆಂಟ್’ ಎಂಬ ಗೌರವದ ಹೆಸರು. ಆ ಆಸರೆಯೂ ಖಾಲಿ ಇಲ್ಲವೆಂದು ಕಾಗದದಲ್ಲಿ ಬಂದ ದಿನ ಊರಿನ ಬಸ್ಸು. ಒಳ್ಳೆಯ ಕಮಾಂಡಿಂಗ್ ಆಫೀಸರುಗಳೂ ಇದ್ದಾರೆ, ಬೋರ್ಡಿನ ಮುಂದೆ ತಮ್ಮ ಹುಡುಗನಿಗಾಗಿ ಪತ್ರ ಬರೆದವರಿದ್ದಾರೆ. ಅವರು ಇದನ್ನು ಓದದಿದ್ದರೂ ನಡೆಯುತ್ತದೆ.

ಆದ್ದರಿಂದ ತಮ್ಮಾ, ಕಾಯಿಲೆ ಬೀಳುವುದನ್ನು ಸರಿಯಾಗಿ ಕಲಿತುಕೋ. ಬಿದ್ದರೆ ಡ್ಯೂಟಿಯ ಹೊತ್ತಿನಲ್ಲೇ ಬೀಳು. ಬೀಳುವ ಮುಂಚೆ ಇಬ್ಬರು ಸಾಕ್ಷಿಗಳನ್ನು ಹತ್ತಿರ ಕರೆದುಕೋ. ಕಾಲು ಮುರಿದಿದ್ದರೂ ಮೊದಲು ಇಂಜುರಿ ರಿಪೋರ್ಟ್ ಬರೆಸು, ಆಮೇಲೆ ಕೂಗಿಕೊಳ್ಳಬಹುದು. ಹತ್ತು ವರ್ಷದ ನಂತರ ಬೋರ್ಡು ಕೇಳುವುದು ಕಾಲನ್ನಲ್ಲ, ಆ ಕಾಗದವನ್ನು. ಬಿಪಿ ಏರಿಸಿಕೊಳ್ಳುವ ಆಸೆ ಇದ್ದರೆ ಗಡಿ ಕಡೆಯ ಫೀಲ್ಡ್ ಏರಿಯಾದಲ್ಲೋ ಸಿಯಾಚಿನ್ ಹಿಮದಲ್ಲೋ ಏರಿಸಿಕೋ. ಗಡಿಯಿಂದ ದೂರದ ಪೀಸ್ ಸ್ಟೇಷನ್ನಿನಲ್ಲಿ ಏರಿದರೆ ಅದು ನಿನ್ನ ಹೆಂಡತಿ ಸಾರಿಗೆ ಉಪ್ಪು ಜಾಸ್ತಿ ಹಾಕಿದ್ದರಿಂದ. ಸುಮ್ನೆ ಹೇಳುತ್ತಿಲ್ಲ, ಕಾಯಿಲೆ ಶುರುವಾದಾಗ ಪೋಸ್ಟಿಂಗ್ ಎಲ್ಲಿತ್ತು ಎಂದು ನೋಡಿಯೇ ಹಕ್ಕು ನಿರ್ಧಾರ ಮಾಡುತ್ತಾರೆ. ರಕ್ತನಾಳಕ್ಕೂ ಎಲ್ಲಿಗೆ ಹೋಗಬೇಕೆಂಬ ಮೂವ್‌ಮೆಂಟ್ ಆರ್ಡರ್ ಬೇಕು.

ಇನ್ನು ಶೇಕಡಾ ಲೆಕ್ಕ. 20ಕ್ಕಿಂತ ಕಡಿಮೆ ಅಂಗವೈಕಲ್ಯಕ್ಕೆ ಪಿಂಚಣಿ ಇಲ್ಲ. ಹಾಗಾಗಿ ಎಷ್ಟೋ ಸೈನಿಕರ ನೋವು ಬಹಳ ಶಿಸ್ತಿನಿಂದ ಹತ್ತೊಂಬತ್ತರೊಳಗೇ ನಿಂತುಬಿಡುತ್ತದೆ. ಇದರಲ್ಲಿ ಒಂದು ಅದ್ಭುತ ಇತ್ತು. ಸೇವೆಗೆ ನಾಲಾಯಕ್ಕು ಎಂದು ಬೋರ್ಡ್ ಔಟ್ ಮಾಡಿ ಕಳಿಸಿದವನಿಗೂ 20ಕ್ಕಿಂತ ಕಡಿಮೆ ಎಂದು ಬರೆದು ಕೊಡುತ್ತಿದ್ದರು. ಅಂದರೆ ಅವನು ನೌಕರಿ ಮಾಡಲಾರದಷ್ಟು ರೋಗಿ, ಪಿಂಚಣಿ ಬೇಡದಷ್ಟು ಗಟ್ಟಿಮುಟ್ಟು. ಒಂದೇ ಮೈ, ಒಂದೇ ದಿನ, ಒಂದೇ ಡಾಕ್ಟರು. ಹೊರಗೆ ಹಾಕಿದ್ದೀರಿ ಎಂದ ಮೇಲೆ 20ಕ್ಕಿಂತ ಹೆಚ್ಚು ಎಂದೇ ತಿಳಿಯಬೇಕು ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಇಷ್ಟನ್ನು ಹೇಳಲು ದೇಶದ ಅತಿ ದೊಡ್ಡ ನ್ಯಾಯಾಲಯ ಬೇಕಾಯಿತು, ಅಲ್ವಾ?

ಅದಕ್ಕೂ ಮುಂಚೆ 2008ರಲ್ಲಿ, ಸೇವೆಗೆ ನಾಲಾಯಕ್ಕೋ ಅಲ್ಲವೋ ಎಂದು ನೋಡುವ ಇನ್ವ್ಯಾಲಿಡಿಂಗ್ ಬೋರ್ಡನ್ನು ಸರಿಯಾಗಿ ಮಾಡದೆ ಕ್ಯಾಟಗರಿಯವನನ್ನು ಮನೆಗೆ ಕಳಿಸಬೇಡಿ ಎಂದು ಅದೇ ಕೋರ್ಟು ಹೇಳಿತ್ತು. 2013ರಲ್ಲಿ, ಸೇರುವಾಗ ಕಾಯಿಲೆ ಬರೆದಿಲ್ಲ ಎಂದರೆ ಅವನು ಆಗ ಆರೋಗ್ಯವಾಗಿಯೇ ಇದ್ದ, ಅಲ್ಲ ಎನ್ನುವವರು ನೀವು ಸಾಬೀತು ಮಾಡಿ ಎಂದಿತು. ಇಷ್ಟಾದ ಮೇಲೆ ಫೈಲುಗಳು ಸುಮ್ಮನಾಗಬೇಕಿತ್ತು. ಆಗಲಿಲ್ಲ. ಸೈನಿಕ ಸಶಸ್ತ್ರ ಪಡೆಗಳ ಟ್ರಿಬ್ಯುನಲ್ಲಿನಲ್ಲಿ ಗೆದ್ದ, ಸರ್ಕಾರ ಮೇಲ್ಮನವಿ ಹಾಕಿತು. ಅಲ್ಲೂ ಗೆದ್ದ, ಇನ್ನೊಬ್ಬ ಸೈನಿಕನ ಮೇಲೆ ಅದೇ ಮೇಲ್ಮನವಿ. ಗಡಿಯಲ್ಲಿ ಶತ್ರುವಿನ ಎದುರು ನಿಂತವನು ಈಗ ಕೋರ್ಟಿನಲ್ಲಿ ‘ಯೂನಿಯನ್ ಆಫ್ ಇಂಡಿಯಾ’ ಎಂಬ ಸರ್ಕಾರದ ಎದುರು ನಿಂತಿರುತ್ತಾನೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. 2015ರಲ್ಲಿ ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ನೇಮಿಸಿದ ತಜ್ಞರ ಸಮಿತಿ ಇಂಥ ಮೇಲ್ಮನವಿಗಳನ್ನು ಬಿಟ್ಟುಬಿಡಿ ಎಂದಿತು. ಶಿಫಾರಸು ಬಹಳ ಚೆನ್ನಾಗಿತ್ತಂತೆ.

ಗಾಯ ಇಟ್ಟುಕೊಂಡೇ ಹಲ್ಲು ಕಚ್ಚಿ ಪೂರ್ತಿ ಸೇವೆ ಮುಗಿಸಿದವನಿಗೆ ಬೇರೆಯದೇ ಸನ್ಮಾನ. ಅಂಗವೈಕಲ್ಯ ಪಿಂಚಣಿಯ ತೆರಿಗೆ ವಿನಾಯಿತಿ ಬೋರ್ಡ್ ಔಟ್ ಆದವರಿಗೆ ಮಾತ್ರ, ನಿವೃತ್ತಿಯ ತನಕ ದುಡಿದವರಿಗಿಲ್ಲ ಎಂದು 2019ರಲ್ಲಿ ತೆರಿಗೆ ಇಲಾಖೆಯ ಸುತ್ತೋಲೆ ಬಂತು. ಕುಂಟುತ್ತಲೇ ದುಡಿದದ್ದು ತಪ್ಪಾಯಿತು. 2023ರ ಸೇನಾ ಪಿಂಚಣಿ ನಿಯಮಗಳಲ್ಲಿ ಇಂಥವರ ಹಣಕ್ಕೆ ‘ಇಂಪೇರ್‌ಮೆಂಟ್ ರಿಲೀಫ್’, ಅಂದರೆ ಊನಕ್ಕೆ ಪರಿಹಾರ, ಎಂದು ನಾಮಕರಣವೂ ಆಯಿತು.

ಯಾವುದೋ ಸರ್ಕಾರಿ ಕಚೇರಿಯ ಗುಮಾಸ್ತರು ಕೆಲಸದಲ್ಲಿದ್ದಾಗ ಕಾಲು ಕಳೆದುಕೊಂಡರೆ ಅವರನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಹಾಗೆ ಹೇಳುತ್ತದೆ. ಒಳ್ಳೆಯ ಕಾನೂನು. ಕಾಲು ಕಳೆದುಕೊಳ್ಳುವ ಸಾಧ್ಯತೆ ಎಲ್ಲಕ್ಕಿಂತ ಜಾಸ್ತಿ ಇರುವ ನೌಕರಿಯನ್ನು ಮಾತ್ರ 2021ರ ಆಗಸ್ಟಿನಲ್ಲಿ ಅಧಿಸೂಚನೆ ಹೊರಡಿಸಿ ಅದರಿಂದ ಹೊರಗಿಟ್ಟರು. ಯುದ್ಧಕ್ಕೆ ಪೂರ್ತಿ ಆರೋಗ್ಯವಂತರು ಬೇಕು ಎನ್ನುವ ವಾದ ಒಪ್ಪುವಂಥದ್ದೇ. ಕಂಬಳಿ ಎಣಿಸಲು ಎರಡು ಕಾಲು ಯಾಕೆ ಬೇಕು ಎಂಬುದಷ್ಟೇ ಅರ್ಥವಾಗದ್ದು.

ಇವರೆಲ್ಲ ಕಡೇಪಕ್ಷ ಸೈನಿಕರು. ಅಧಿಕಾರಿಯಾಗಲು ಎನ್‌ಡಿಎ, ಐಎಂಎಯಂಥ ಸೇನಾ ಅಕಾಡೆಮಿಗೆ ಹೋಗಿ ತರಬೇತಿಯಲ್ಲಿ ಬೆನ್ನು ಮುರಿದುಕೊಂಡ ಕೆಡೆಟ್‌ಗಳ ಗತಿ ನೋಡಿ. ಜವಾನನಾಗಲು ಬಂದ ರಿಕ್ರೂಟ್ ತರಬೇತಿಯಲ್ಲೇ ಗಾಯಗೊಂಡು ಹೊರಬಿದ್ದರೆ ಮಾಜಿ ಸೈನಿಕ ಎನಿಸಿಕೊಳ್ಳುತ್ತಾನೆ. ಕೆಡೆಟ್ ಹಾಗಲ್ಲ. ಕಮಿಷನ್, ಅಂದರೆ ಅಧಿಕಾರಿಯ ಹುದ್ದೆ, ಸಿಗುವ ತನಕ ಅವನ ಬೆನ್ನುಮೂಳೆ ಖಾಸಗಿ ಬೆನ್ನುಮೂಳೆ. 1985ರಿಂದೀಚೆಗೆ ಹೀಗೆ ಹೊರಬಿದ್ದವರು ಸುಮಾರು 500 ಮಂದಿ ಎಂದು ಪತ್ರಿಕೆಯಲ್ಲಿ ಬಂತು. ಸಿಗುತ್ತಿದ್ದದ್ದು ಪಿಂಚಣಿಯಲ್ಲ, ತಿಂಗಳಿಗೆ ಹೆಚ್ಚೆಂದರೆ 40,000 ರೂಪಾಯಿವರೆಗಿನ ಎಕ್ಸ್‌ಗ್ರೇಷಿಯಾ ಎಂಬ ದಯೆಯ ಹಣ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಕೇಸು ಎತ್ತಿಕೊಂಡಿತು. ನಲವತ್ತು ವರ್ಷ ಆಗದ ಕೆಲಸ ಅದೇ ತಿಂಗಳು ಆಯಿತು. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ಗೆ ಅವರನ್ನೂ ಸೇರಿಸಲು ಸರ್ಕಾರ ಒಪ್ಪಿತು. ಮಾಜಿ ಸೈನಿಕರೆಂಬ ಸ್ಥಾನ ಆ ಆದೇಶದಲ್ಲಿರಲಿಲ್ಲ. ಅಂದರೆ ಮಾಜಿ ಸೈನಿಕರ ಸಾಲಿನಲ್ಲಿ ನಿಂತು ಮಾತ್ರೆ ತೆಗೆದುಕೊಳ್ಳಬಹುದು. ನೀವ್ಯಾರು ಎಂದು ಪಕ್ಕದವರು ಕೇಳಿದರೆ ಮಾತ್ರ ಉತ್ತರ ಕೊಡುವಂತಿಲ್ಲ.