ನೈಟ್ ಆಫ್ ದಿನವೇ ಒತ್ತಡ ನಿರ್ವಹಣೆ ಕಾರ್ಯಾಗಾರ

ಮೇ 12 ಬಂತೆಂದರೆ ನರ್ಸುಗಳ ದಿನ ಅಂತ ನಮಗೆ ಗುಲಾಬಿ, ಜುಲೈ 1 ಬಂತೆಂದರೆ ವೈದ್ಯರ ದಿನ ಅಂತ ಡಾಕ್ಟರುಗಳಿಗೆ ಕೇಕು. ಈ ಸಲ ಇನ್ನೊಂದು ಸೇರಿತು: ಕ್ಯಾಶುವಾಲ್ಟಿ (ತುರ್ತು ಚಿಕಿತ್ಸಾ ವಿಭಾಗ) ಸಿಬ್ಬಂದಿಯ ಮಾನಸಿಕ ಆರೋಗ್ಯಕ್ಕೆಂದು ಅರ್ಧ ದಿನದ ಒತ್ತಡ ನಿರ್ವಹಣೆ ಕಾರ್ಯಾಗಾರ. ಹಾಜರಾತಿ ಕಡ್ಡಾಯ. ಡ್ಯೂಟಿಯಲ್ಲಿರೋರನ್ನ ಬಿಡೋಕಾಗಲ್ಲವಲ್ಲ, ಹಾಗಾಗಿ ನೈಟ್ ಮುಗಿಸಿ ಮನೆಗೆ ಹೊರಟವರನ್ನೂ ನೈಟ್ ಆಫ್‌ನಲ್ಲಿ, ಅಂದರೆ ನೈಟ್ ಡ್ಯೂಟಿಗಳ ನಂತರದ ರಜೆಯಲ್ಲಿ, ಇದ್ದವರನ್ನೂ ಕರೆಸಿ ಕೂರಿಸಿದರು. ಮೊದಲನೇ ಸ್ಲೈಡು: ದಿನಕ್ಕೆ ಏಳೆಂಟು ಗಂಟೆ ನಿದ್ದೆ ಮಾಡಿ. ಹಿಂದಿನ ಸಾಲಿನವರು ಆ ಸಲಹೆಯನ್ನು ಆಗಲೇ ಪಾಲಿಸುತ್ತಿದ್ದರು.

ತರಬೇತಿಗೆ ಬಂದಿದ್ದ ಮೇಡಂ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಕರೆದಿದ್ದರು, ಬಂದಿದ್ದರು. ಉಸಿರಾಟದ ಅಭ್ಯಾಸ ಚೆನ್ನಾಗೇ ಹೇಳಿಕೊಟ್ಟರು. ನನ್ನ ತಕರಾರು ಬೇರೆ. ಕೆಲಸದ ಜಾಗದಲ್ಲಿ ಹುಟ್ಟಿದ ತೊಂದರೆಯನ್ನು ಕೆಲಸ ಮಾಡೋರ ಮನಸ್ಸಿನ ದೌರ್ಬಲ್ಯ ಅಂತ ತೋರಿಸೋದು ಯಾಕೆ? ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ತನ್ನ ರೋಗಪಟ್ಟಿಯ ಹೊಸ ಆವೃತ್ತಿಗೆ ಬರ್ನ್‌ಔಟ್ ಸೇರಿಸಿದಾಗ ಅದನ್ನು ಕಾಯಿಲೆ ಅನ್ನಲಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಹಳ ದಿನ ಹಾಗೇ ಬಿಟ್ಟರೆ ಬರುವ ಸ್ಥಿತಿ ಅಂತ ಬರೆಯಿತು. ಲಕ್ಷಣ ಮೂರು: ಹಿಂಡಿ ಹಾಕಿದಂಥ ಸುಸ್ತು, ಕೆಲಸದ ಮೇಲೇ ಮೂಡುವ ಕಹಿ, ನನ್ನಿಂದ ಏನೂ ಆಗುತ್ತಿಲ್ಲ ಅನ್ನುವ ಭಾವನೆ. ಎರಡನೆಯದನ್ನು ನೀವು ಬೇಕಾದಷ್ಟು ಸಲ ನೋಡಿರುತ್ತೀರಿ. 'ಮೂರನೇ ಬೆಡ್ಡಿನ ಪಾಯ್ಸನ್' ಅಂತ ಮನುಷ್ಯನನ್ನು ಕರೆಯೋದು, ಕೇಳಿದ್ದಕ್ಕೆ ಮುಖ ಎತ್ತದೆ ಉತ್ತರ ಕೊಡೋದು. 'ಸರ್ಕಾರಿ ಆಸ್ಪತ್ರೆಯವರಿಗೆ ಕರುಣೆನೇ ಇಲ್ಲ' ಅಂತ ನೀವು ಬೈಯುವುದು ಅದಕ್ಕೇ. ಬೈಯಿರಿ, ಆದರೆ ಒಳಗೆ ಕೆಲಸ ಹೇಗೆ ಸಾಗುತ್ತೆ ಅಂತ ಸ್ವಲ್ಪ ನೋಡಿ.

ನಾನಿರೋದು ಬಯಲುಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ. ಹೊಲಕ್ಕೆ ಹೊಡೆಯೋ ಔಷಧಿ ಕುಡಿದು ಬರೋರು ನಮ್ಮಲ್ಲಿ ಅಪರೂಪವಲ್ಲ. ಆರ್ಗನೋಫಾಸ್ಫೇಟ್ ಅನ್ನೋ ಬಗೆಯ ಕೀಟನಾಶಕ ಆದರೆ ಟ್ರಾಲಿ ಬಾಗಿಲು ದಾಟುವ ಮೊದಲೇ ಬೆಳ್ಳುಳ್ಳಿಯಂಥ ವಾಸನೆ ಬರುತ್ತೆ. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ಬಟ್ಟೆ ಬಿಚ್ಚಿ ಮೈ ತೊಳೀಬೇಕು, ಸಕ್ಷನ್ ಹಾಕಿ ಬಾಯಿಯ ನೊರೆ ಎಳೀಬೇಕು, ರಕ್ತನಾಳಕ್ಕೆ ಲೈನ್ ಹಾಕಬೇಕು, ವಿಷ ಇಳಿಸೋ ಅಟ್ರೋಪಿನ್ ಶುರು ಮಾಡಬೇಕು. ಒಂದು ಆಂಪೂಲಿನಲ್ಲಿ, ಅಂದರೆ ಪುಟ್ಟ ಗಾಜಿನ ಶೀಶೆಯಲ್ಲಿ, ಇರೋದು 0.6 ಮಿಲಿಗ್ರಾಂ. ಎದೆಯ ಗೊರಗೊರ ನಿಲ್ಲೋ ತನಕ ಐದೈದು ನಿಮಿಷಕ್ಕೆ ಡೋಸ್ ದುಪ್ಪಟ್ಟು. ಮೂರು ಆಂಪೂಲು, ಆರು, ಹನ್ನೆರಡು, ಇಪ್ಪತ್ನಾಲ್ಕು. ಪ್ರತಿಯೊಂದರ ಕುತ್ತಿಗೆ ಮುರಿದು ಸಿರಿಂಜಿಗೆ ಎಳೆಯಬೇಕು, ಗಾಜಿನ ಚೂರು ಗ್ಲೌಸ್ ದಾಟಿ ಹೆಬ್ಬೆರಳಿಗೆ ಹೋಗುತ್ತೆ. ಬರೀ ಆಂಪೂಲು ಒಡೆಯೋಕೇ ಒಬ್ಬರು ನಿಲ್ಲಬೇಕು. ಉಸಿರು ಸಾಲದಿದ್ದರೆ ಕೈಯಿಂದ ಉಸಿರು ಕೊಡೋ ಅಂಬು ಬ್ಯಾಗ್ ಒತ್ತೋಕೆ ಇನ್ನೊಬ್ಬರು. ಅಷ್ಟರಲ್ಲಿ 108ರಲ್ಲಿ ಬೈಕ್ ಆಕ್ಸಿಡೆಂಟ್ ಬರುತ್ತೆ, ಹಿಂದೆಯೇ ಹಾವು ಕಚ್ಚಿದ ಮಗುವನ್ನು ಎತ್ತಿಕೊಂಡು ಯಾರೋ ಓಡಿ ಬರುತ್ತಾರೆ. ಇರೋ ಒಬ್ಬ ಡ್ಯೂಟಿ ಡಾಕ್ಟರು ರೋಗಿ ನೋಡಬೇಕೋ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸುಗಳ) ರಿಜಿಸ್ಟರ್ ಬರೆದು ಸ್ಟೇಷನ್‌ಗೆ ಇಂಟಿಮೇಷನ್ ಕಳಿಸಬೇಕೋ, ಐಸಿಯು ಬೆಡ್ಡಿಗೆ ಫೋನ್ ಹಚ್ಚಬೇಕೋ?

ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕ ಇದೆ. ಬೋಧಕ ಆಸ್ಪತ್ರೆಯಲ್ಲಿ ಮೂರು ರೋಗಿಗೆ ಒಬ್ಬ ನರ್ಸ್, ಉಳಿದ ಕಡೆ ಐದಕ್ಕೆ ಒಬ್ಬರು, ರಜೆ ಹೋದವರ ಜಾಗ ತುಂಬೋಕೆ ಶೇ. 30 ಲೀವ್ ರಿಸರ್ವ್. ಕೇಳೋಕೆ ಚೆಂದ. ಆದರೆ ನಮ್ಮಲ್ಲಿ ಜನ ಹಾಕೋದು ಬೆಡ್ ಎಣಿಸಿ. ವಾರ್ಡಿನ ಬೆಡ್ಡಿನಲ್ಲಿ ಬೆಳಗ್ಗೆ ಇದ್ದವರೇ ರಾತ್ರಿಯೂ ಇರುತ್ತಾರೆ. ಕ್ಯಾಶುವಾಲ್ಟಿಯ ಒಂದೇ ಬೆಡ್ಡಿಗೆ ಒಂದೇ ರಾತ್ರಿ ಎಷ್ಟು ಜನ ಬಂದು ಹೋದರು ಅನ್ನೋದು ಯಾವ ಲೆಕ್ಕಕ್ಕೂ ಬರಲ್ಲ. ಲೀವ್ ರಿಸರ್ವ್ ಅಂತೂ ಕಾಗದದ ಮೇಲಿನ ಮಾತು. ಒಬ್ಬಳಿಗೆ ಜ್ವರ ಬಂದರೆ ಅವಳ ಬದಲಿಗೆ ಬರೋದು ನಿನ್ನೆ ನೈಟ್ ಮಾಡಿದವಳೇ. ಅದರಲ್ಲೂ ಗುತ್ತಿಗೆ ಮೇಲಿರೋ ಹುಡುಗೀರು ಒಲ್ಲೆ ಅನ್ನೋಕಾಗಲ್ಲ, ಮುಂದಿನ ವರ್ಷದ ರಿನ್ಯೂವಲ್ ಇದೆಯಲ್ಲ.

ಡಾಕ್ಟರುಗಳದ್ದೂ ಸುಖದ ಬಾಳೇನಲ್ಲ. ಓದುತ್ತಲೇ ಆಸ್ಪತ್ರೆಯಲ್ಲಿ ದುಡಿಯೋ ರೆಸಿಡೆಂಟ್ ಡಾಕ್ಟರುಗಳಿಗೆ ಒಂದೇ ಸಮನೆ 12 ಗಂಟೆಗಿಂತ ಹೆಚ್ಚು, ವಾರಕ್ಕೆ 48 ಗಂಟೆಗಿಂತ ಹೆಚ್ಚು ಡ್ಯೂಟಿ ಸಾಮಾನ್ಯವಾಗಿ ಇರಬಾರದು ಅಂತ ಕೇಂದ್ರ ಸರ್ಕಾರ ಹೇಳಿದ್ದು 1992ರಲ್ಲಿ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ, ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ವರದಿಯಲ್ಲಿ, ವಾರಕ್ಕೆ 74 ಗಂಟೆ ಮೀರಬಾರದು ಅಂದಿತು. ಮೂವತ್ತೆರಡು ವರ್ಷದಲ್ಲಿ 48ರಿಂದ 74ಕ್ಕೆ ಬಂದೆವು, ಅದೂ ಸುಧಾರಣೆ ಅಂತ! ಯಾಕಂದರೆ ನಿಜವಾಗಿ ನಡೀತಿರೋದು 74ಕ್ಕಿಂತ ಜಾಸ್ತಿ.

ಇನ್ನು ಹೊಡೆತ. ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ: ವೈದ್ಯಕೀಯ ಸಿಬ್ಬಂದಿ ಮೇಲೆ ಕೈ ಮಾಡಿದರೆ ಜೈಲು, ದಂಡ, ಜಾಮೀನು ಸಿಗದ ಅಪರಾಧ. ಅದರ ಬೋರ್ಡು ನಮ್ಮ ಗೋಡೆ ಮೇಲೂ ಇದೆ. ಕಾಲರ್ ಹಿಡಿಯೋಕೆ ಬಂದವನು ಬೋರ್ಡು ಓದಿಕೊಂಡು ಬರ್ತಾನಾ? ಸಿಸಿಟಿವಿ, ಸೆಕ್ಯುರಿಟಿ ಎಲ್ಲಾ ಇರಲಿ, ಬೇಡ ಅನ್ನಲ್ಲ. ಆದರೆ ನಾನು ನೋಡಿದ ಮಟ್ಟಿಗೆ ಗಲಾಟೆ ಹುಟ್ಟೋದು ರೋಗಿ ಸತ್ತಾಗಲ್ಲ, ಒಳಗೆ ಏನು ನಡೀತಿದೆ ಅಂತ ಹೊರಗೆ ನಿಂತವರಿಗೆ ಯಾರೂ ಹೇಳದೇ ಇದ್ದಾಗ. ನಮ್ಮಲ್ಲಿ ಹಿಂದೆ ಒಬ್ಬ ಸೀನಿಯರ್ ಸರ್ ಇದ್ದರು. ಎಷ್ಟೇ ರಶ್ ಇರಲಿ, ಹೊರಗೆ ಹೋಗಿ ಮನೆಯ ಹಿರಿಯರನ್ನು ಹುಡುಕಿ ಮಾತಾಡೋರು.

'ಯಜಮಾನ್ರೇ, ನಿಮ್ ಮಗಂಗೆ ವಿಷ ಇಳಿಯಾಕ ಔಷಧಿ ಹಾಕಾಕತ್ತೀವಿ. ಉಸಿರಾಟ ಬಿಗಿ ಐತಿ. ಖಾತ್ರಿ ಅಂತ ಏನೂ ಹೇಳಲ್ಲ. ಇನ್ನೊಂದು ತಾಸಿಗೆ ನಾನೇ ಬಂದು ಹೇಳ್ತೀನಿ.'

'ಆತ್ರೀ ಸಾಹೇಬ್ರ. ನಿಮ್ ಕೈಯಾಗಿಂದು ನೀವು ಮಾಡ್ರಿ.'

ತಾಸಿಗೆ ಸರಿಯಾಗಿ ಮತ್ತೆ ಹೋಗೋರು. ಅವರ ಡ್ಯೂಟಿಯಲ್ಲಿ ಸಾವುಗಳು ಆದವು, ಗಲಾಟೆ ಆಗಿದ್ದು ನನಗೆ ನೆನಪಿಲ್ಲ. ಆದರೆ ಆಗ ಡ್ಯೂಟಿಗೆ ಇಬ್ಬರು ಡಾಕ್ಟರಿದ್ದರು, ಒಬ್ಬರು ಹೊರಗೆ ಹೋದರೆ ಇನ್ನೊಬ್ಬರು ಒಳಗೆ. ಈಗಿರುವ ಡಾಕ್ಟರಿಗೆ 'ಸ್ವಲ್ಪ ನಯವಾಗಿ ಮಾತಾಡಿ' ಅಂತ ಮೆಮೋ ಬರುತ್ತೆ. ನಯಕ್ಕೂ ಬಿಡುವು ಬೇಕಲ್ಲ ಸ್ವಾಮಿ.

ಮಲಗೋ ಜಾಗದ ಮಾತು ಬಂದರೆ ನನ್ನ ದನಿ ಸ್ವಲ್ಪ ಏರುತ್ತೆ, ಕ್ಷಮಿಸಿ. ನಮ್ಮ ಹೊನ್ನಾವರದ ಹಳದೀಪುರದ ಹುಡುಗಿ ಅರುಣಾ ಶಾನಭಾಗ. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ಬಟ್ಟೆ ಬದಲಿಸೋಕೆ ಬೇಸ್‌ಮೆಂಟಿಗೆ ಹೋದಾಗ ಅಲ್ಲಿನ ಸಿಬ್ಬಂದಿಯೊಬ್ಬನೇ ಮೇಲೆ ಬಿದ್ದ. ಅವರು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ; 2015ರ ಮೇ 18ರಂದು ತೀರಿಕೊಳ್ಳುವ ತನಕ ಅದೇ ಆಸ್ಪತ್ರೆಯ ನರ್ಸುಗಳು ಅವರನ್ನು ನೋಡಿಕೊಂಡರು. ಆ ಹಲ್ಲೆಯಾಗಿ ಐವತ್ತು ವರ್ಷ ದಾಟಿ, 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್‌.ಜಿ. ಕರ್ ಕಾಲೇಜಿನಲ್ಲಿ ಟ್ರೈನಿ ಡಾಕ್ಟರ ಕೊಲೆ. ಆಕೆ ಕ್ಯಾಶುವಾಲ್ಟಿಯವರಲ್ಲ, ಎದೆರೋಗ ವಿಭಾಗದವರು. 36 ಗಂಟೆಯ ಡ್ಯೂಟಿಯ ನಡುವೆ ಸ್ವಲ್ಪ ಮಲಗೋಕೆ ಸೆಮಿನಾರ್ ಹಾಲಿಗೆ ಹೋಗಿದ್ದರು. ಒಬ್ಬರು ಬಟ್ಟೆ ಬದಲಿಸೋಕೆ ಹೋದರು, ಒಬ್ಬರು ಸ್ವಲ್ಪ ಒರಗೋಕೆ ಹೋದರು. ಸುಪ್ರೀಂ ಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು, ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ನಮ್ಮ ಡ್ಯೂಟಿ ರೂಮಿನ ಬಾಗಿಲಿಗೆ ಇವತ್ತಿಗೂ ಒಳಗಿನಿಂದ ಚಿಲಕವಿಲ್ಲ. ರಾತ್ರಿ ಆಕ್ಸಿಜನ್ ಸಿಲಿಂಡರ್ ಟ್ರಾಲಿಯನ್ನು ಬಾಗಿಲಿಗೆ ಅಡ್ಡ ಇಟ್ಟು ಕೂರುತ್ತೇವೆ. ಕೆಳಗೆ ಹಾಸೋ ಬೆಡ್‌ಶೀಟ್ ಮನೆಯಿಂದ.

ಕಾರ್ಯಾಗಾರದ ಕೊನೆಗೆ ಫೀಡ್‌ಬ್ಯಾಕ್ ಫಾರಂ ಕೊಟ್ಟರು. ನಾವು ಕೆಲವರು ಸೇರಿ ಅದರ ಹಿಂಬದಿಗೆ ಬರೆದೆವು: ರಾತ್ರಿ ಇಬ್ಬರು ಡಾಕ್ಟರು, ಒಬ್ಬ ಹೆಚ್ಚಿನ ನರ್ಸ್. ಎಂಎಲ್‌ಸಿ ಬರವಣಿಗೆಗೆ ಒಬ್ಬ ಕ್ಲರ್ಕ್. ನೈಟ್ ಆಫ್ ಅಂದರೆ ಆಫ್, ಫೋನ್ ಮಾಡಬಾರದು. ಮಗು ತೀರಿಕೊಂಡ ಕೇಸ್ ಆದ ಮೇಲೆ ಅದನ್ನು ನೋಡಿದವರಿಗೆ ಹತ್ತು ನಿಮಿಷ ಹೊರಗೆ ಹೋಗಿ ಬರೋಕೆ ಬಿಡಬೇಕು. ಡ್ಯೂಟಿ ರೂಮಿಗೆ ಚಿಲಕ.

ಡಾಕ್ಟರು, ನರ್ಸುಗಳ ವಿಷಯ ಇಲಾಖೆಗೆ ಬರೆದಿದ್ದಾರಂತೆ. ಕ್ಲರ್ಕಿಗೆ ಹುದ್ದೆಯೇ ಇಲ್ಲವಂತೆ. ನೈಟ್ ಆಫ್ 'ಪರಿಶೀಲನೆಯಲ್ಲಿದೆ'. ಹತ್ತು ನಿಮಿಷದ ಬಗ್ಗೆ ಯಾರೂ ಏನೂ ಹೇಳಿಲ್ಲ. ಚಿಲಕ ಮಂಜೂರಾಗಿದೆ, ಮೊನ್ನೆ ಬಡಗಿ ಬಂದು ಅಳತೆ ತಗೊಂಡು ಹೋದ.