ಊರು ಮಾರಿದ ಹೆಸ್ಟರ್

ಫಿಲಿಪ್ ರೀವ್ ಅವರ ‘ಪ್ರಿಡೇಟರ್ಸ್ ಗೋಲ್ಡ್’ ನಿನ್ನೆ ರಾತ್ರಿ ಎರಡನೇ ಸಲ ಓದಿ ಮುಗಿಸಿದೆ. 2001ರ ‘ಮಾರ್ಟಲ್ ಎಂಜಿನ್ಸ್’ ಕಾದಂಬರಿಯ ಮುಂದಿನ ಭಾಗ, 2003ರಲ್ಲಿ ಬಂದದ್ದು. ಕಥೆಯ ಗುಟ್ಟುಗಳನ್ನೆಲ್ಲ ಹೇಳಿಬಿಡುತ್ತೇನೆ. ಓದಬೇಕೆಂದಿರುವವರು ಇಲ್ಲೇ ನಿಲ್ಲಿಸಿ.

ಅರವತ್ತು ನಿಮಿಷದ ಯುದ್ಧದಲ್ಲಿ ನಮ್ಮ ಈ ಕಾಲದ ಲೋಕ ಸುಟ್ಟುಹೋಗಿ ಎಷ್ಟೋ ಶತಮಾನ ಕಳೆದಿದೆ. ಊರುಗಳೇ ಎಂಜಿನ್ ಹೂಡಿಕೊಂಡು ಓಡಾಡುತ್ತವೆ, ದೊಡ್ಡ ಊರು ಸಣ್ಣದನ್ನು ಅಟ್ಟಿಸಿಕೊಂಡು ಹೋಗಿ ನುಂಗುತ್ತದೆ. ಮೊದಲ ಭಾಗದಲ್ಲಿ ಹಾಗೆ ಓಡಾಡುತ್ತಿದ್ದ ಲಂಡನ್ ನಾಶವಾದ ಎರಡು ವರ್ಷದ ಮೇಲೆ, ಕಥೆಯ ನಾಯಕ ನಾಯಕಿಯರಾದ ಟಾಮ್ ಮತ್ತು ಹೆಸ್ಟರ್ ತಮ್ಮ ಗಾಳಿಹಡಗಿನಲ್ಲಿ ಆಂಕರೇಜ್ ಎಂಬ ಹಿಮದ ಮೇಲೆ ಜಾರುವ ಊರಿಗೆ ಬಂದಿಳಿಯುತ್ತಾರೆ. ಪಿಡುಗಿನಿಂದ ಜನರೆಲ್ಲ ಸತ್ತು, ಉಳಿದವರು ಬೆರಳೆಣಿಕೆಯಷ್ಟು. ಆಳುವವಳು ಹದಿಹರೆಯದ ಹುಡುಗಿ ಫ್ರೇಯಾ.

ಟಾಮ್ ಫ್ರೇಯಾಗೆ ಮುತ್ತು ಕೊಡುವುದನ್ನು ಹೆಸ್ಟರ್ ನೋಡುತ್ತಾಳೆ. ನೋಡಿದವಳೇ ಹಡಗೇರಿ ಹೋಗಿ, ಆ ಊರು ಎಲ್ಲಿದೆ ಎಂಬುದನ್ನು ಬೇಟೆನಗರ ಆರ್ಕೇಂಜಲ್‌ಗೆ ಹೇಳಿಬಿಡುತ್ತಾಳೆ. ಇಂಥ ಸುದ್ದಿಗೆ ಅವರು ಕೊಡುವ ಚಿನ್ನವೇ ಪುಸ್ತಕದ ಹೆಸರು. ಹೆಸ್ಟರ್ ಅದನ್ನು ಕೇಳುವುದಿಲ್ಲ. ಟಾಮ್ ನನಗೆ ಬೇಕು, ಅಷ್ಟೇ ಅನ್ನುತ್ತಾಳೆ.

ಈ ಪುಸ್ತಕದ ಜೀವ ಇರುವುದು ಇಲ್ಲಿ. ಹದಿಹರೆಯದವರ ಕಾದಂಬರಿಗಳಲ್ಲಿ ನಾಯಕಿ ತಪ್ಪು ಮಾಡಿದರೂ ಹಿಂದೆ ಯಾವುದೋ ಒಳ್ಳೆಯ ಉದ್ದೇಶ ಇಟ್ಟಿರುತ್ತಾರೆ. ರೀವ್ ಅದನ್ನು ಇಡಲಿಲ್ಲ. ಬರೀ ಹೊಟ್ಟೆಕಿಚ್ಚು, ಮತ್ತು ಕತ್ತಿಯ ಗಾಯದಿಂದ ಸೀಳಿಹೋದ ತನ್ನ ಮುಖವನ್ನು ಯಾರೂ ಪ್ರೀತಿಸಲಾರರು ಎಂಬ ಹಳೇ ಭಯ. ಆ ಗಾಯ ಮಾಡಿದ ವ್ಯಾಲೆಂಟೈನನೇ ತನ್ನ ಹೆತ್ತಪ್ಪ ಎಂದು ಅವಳಿಗೆ ಆಮೇಲೆ ತಿಳಿಯುತ್ತದೆ. ತಾನೇ ಮಾರಿದ ಊರನ್ನು ಬಿಡಿಸಲು ವಾಪಸು ಬಂದು ಬೇಟೆಗಾರರನ್ನು ಕೊಲ್ಲುವಾಗ ಅವಳ ಕೈ ನಡುಗುವುದಿಲ್ಲ. ಅಪ್ಪನ ರಕ್ತ ಅಲ್ಲಿ ಕಾಣುತ್ತದೆ. ನನ್ನ ಅಕ್ಕನ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಇದನ್ನು ಓದುತ್ತಾ, ಆ ಮೋಸದ ಪುಟಕ್ಕೆ ಬಂದು ಸಿಟ್ಟಿನಿಂದ ಪುಸ್ತಕ ಮುಚ್ಚಿಟ್ಟಿದ್ದಳು. ಎರಡು ದಿನಕ್ಕೆ ಮತ್ತೆ ತೆಗೆದಳು.

ಕೊರತೆಗಳೂ ಇವೆ. ಆ ಮುತ್ತಿಗೆ ಬೇಕಾದಷ್ಟು ನೆಲೆಗಟ್ಟಿಲ್ಲ. ಟಾಮ್ ಲಂಡನ್ ಮ್ಯೂಸಿಯಂನಲ್ಲಿ ಬೆಳೆದವನು, ಫ್ರೇಯಾಳ ಅರಮನೆಯ ಹಳೇ ವಸ್ತುಗಳ ಕೋಣೆ ಅವನನ್ನು ಸೆಳೆಯುವುದು ಸಹಜ. ಆದರೆ ಎರಡು ವರ್ಷ ಜೊತೆಗೆ ಹಾರಿದವಳನ್ನು ಇಷ್ಟು ಬೇಗ ಮರೆಯುತ್ತಾನೆಯೇ? ಇನ್ನು ಟಾಮ್‌ನನ್ನು ಒಂದು ಗುಂಪು, ಹೆಸ್ಟರ್‌ಳನ್ನು ಇನ್ನೊಬ್ಬ ಅಪಹರಿಸಿ, ಇಬ್ಬರೂ ಒಂದೇ ದ್ವೀಪದ ಕೋಟೆಗೆ ಬಂದು ಸೇರುವುದು ತೀರಾ ಕಾಕತಾಳೀಯ. ಮೊದಲ ಭಾಗದಲ್ಲಿ ಟಾಮ್, ಹೆಸ್ಟರ್‌ಗೆ ನೆರವಾದ ಗಾಳಿಹಡಗಿನ ಚಾಲಕಿ ಆನಾ ಫ್ಯಾಂಗ್ ಸತ್ತಾಗ ನಾನು ಅತ್ತಿದ್ದೆ. ಇಲ್ಲಿ ಅವಳ ಹೆಣಕ್ಕೆ ಯಂತ್ರ ಜೋಡಿಸಿ ಎಬ್ಬಿಸಿದ್ದಾರೆ. ಅದರ ಫಲ ಸಿಗುವುದು 2005, 2006ರ ಭಾಗಗಳಲ್ಲಿ. ಇಲ್ಲಿ ಅದು ಬರೀ ಪೀಠಿಕೆ.

ಆದರೂ ಕೊನೆಯ ಪುಟಗಳಿಗಾಗಿ ನಾನು ಇವನ್ನೆಲ್ಲ ಕ್ಷಮಿಸುತ್ತೇನೆ. ಎದೆಗೆ ಗುಂಡು ತಗುಲಿದ ಟಾಮ್ ಬದುಕುಳಿಯುತ್ತಾನೆ. ಹೆಸ್ಟರ್ ಬಸುರಿ. ಊರನ್ನು ಉಳಿಸಿದವಳು ಅವಳೇ ಎಂದು ಅವನು ನಂಬಿದ್ದಾನೆ, ಅವಳು ಬಾಯಿ ಬಿಡುವುದಿಲ್ಲ.