ಮನ್ರೋ ಸಾಹೇಬನ ಕಂದಾಯದ ಲೆಕ್ಕ ಯಾರೂ ಕೇಳಲ್ವಾ?

ಮತ್ತೆ ಅದೇ ಪೋಸ್ಟ್. ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರ್ ಥಾಮಸ್ ಮನ್ರೋ ಮಠದ ಜಮೀನಿನ ವಿಚಾರಣೆಗೆ ಮಂತ್ರಾಲಯಕ್ಕೆ ಹೋದಾಗ ರಾಘವೇಂದ್ರ ರಾಯರೇ ದರ್ಶನ ಕೊಟ್ಟರು ಅನ್ನೋ ಕಥೆ, ಕೆಳಗೆ ಸಾಲಾಗಿ ಕೈಮುಗಿದ ಎಮೋಜಿ. ನಂಬುವವರು ನಂಬಲಿ, ತಕರಾರಿಲ್ಲ. ಆದರೆ ಬಳ್ಳಾರಿ ಸೀಮೆಯಲ್ಲಿ 1800ರಿಂದ 1807ರವರೆಗೆ ಕಂದಾಯ ಎತ್ತಿದವನ ಬಗ್ಗೆ ಬರೆಯುವಾಗ ಆ ಕಂದಾಯ ಎಷ್ಟಿತ್ತು ಅಂತ ಒಬ್ಬರಾದರೂ ಕೇಳಬಾರದೇ?

ಆಸಾಮಿ 1780ರಲ್ಲಿ ಕೆಡೆಟ್ ಆಗಿ ಮದ್ರಾಸಿಗೆ ಬಂದ ಸೈನಿಕ. ಹೈದರ್, ಟಿಪ್ಪು ಇಬ್ಬರ ಮೇಲೂ ಕಾದಾಡಿದ. ಕಂದಾಯ ಕಲಿತದ್ದು ಬಾರಾಮಹಲಿನಲ್ಲಿ (ಈಗಿನ ತಮಿಳುನಾಡಿನ ಕೃಷ್ಣಗಿರಿ, ಧರ್ಮಪುರಿ ಸೀಮೆ), ಆಮೇಲೆ ಕೆನರಾ, ಆಮೇಲೆ ನಿಜಾಮ ಬಿಟ್ಟುಕೊಟ್ಟ ಬಳ್ಳಾರಿ, ಅನಂತಪುರ, ಕಡಪ.

ಇಲ್ಲಿ ಹೊಲ ಹೊಲವನ್ನೂ ಅಳೆಸಿದ. 33 ಅಡಿ ಸರಪಳಿ; ಅದರ ಒಂದು ಚದರ ಒಂದು ಗುಂಟೆ, 40 ಗುಂಟೆಗೆ ಎಕರೆ. ನಿಮ್ಮ ಪಹಣಿಯಲ್ಲಿ ಇವತ್ತಿಗೂ ಇರುವ ಲೆಕ್ಕವೇ! ಅಳೆಯುವವರಿಗೆ ಮೊದಲು ತಿಂಗಳ ಸಂಬಳವಿತ್ತು, ಆಮೇಲೆ ಎಕರೆ ಲೆಕ್ಕದ ಕೂಲಿ. ಕೂಲಿ ಎಕರೆ ಮೇಲೆ ಬಂದರೆ ಅವಸರ ಬರುತ್ತೆ, ಅವಸರ ಬಂದರೆ ತಪ್ಪಳತೆ. ಹಾಗಾಗಿ ಮರುಅಳತೆಗೆ ಪರೀಕ್ಷಕರು ಬೇರೆ.

ಅಳತೆ ಚೊಕ್ಕ. ದರ? ಒಟ್ಟು ಫಸಲಿನ ನೂರಕ್ಕೆ ಸುಮಾರು 45 ಪಾಲು! ಬೀಜ, ಎತ್ತು, ಆಳಿನ ಖರ್ಚು ಕಳೆಯುವ ಮೊದಲೇ. ಒಬ್ಬ ರೈತ ಕಟ್ಟಲಾಗದೆ ಊರು ಬಿಟ್ಟರೆ ಆ ಬಾಕಿಯನ್ನು ಊರಿನ ಉಳಿದವರ ಕಂದಾಯದ ಮೇಲೆ ನೂರಕ್ಕೆ 10ರವರೆಗೆ ಹೇರಬಹುದಿತ್ತು. ಇದಕ್ಕೆ ‘ರೈತವಾರಿ’, ಅಂದರೆ ಒಬ್ಬೊಬ್ಬ ರೈತನೂ ತನ್ನ ಕಂದಾಯ ತಾನೇ ನೇರ ಸರ್ಕಾರಕ್ಕೆ ಕಟ್ಟೋದು, ಅಂತ ಹೆಸರು, ನೋಡಿ.

‘ಜನ ಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಟ್ಟರಲ್ಲ ಸಾರ್’ ಅಂತೀರಿ. ಇಟ್ಟರು. ಪಾಳೇಗಾರರ ಕಾಟಕ್ಕಿಂತ ಇವನು ವಾಸಿ ಅನ್ನಿಸಿರಬಹುದು. ಅದರಿಂದ 45 ಏನು 30 ಆಗಲಿಲ್ಲ.

ದರ ಹೆಚ್ಚಾಯಿತು ಅಂತ ಅವನಿಗೇ ಗೊತ್ತಿತ್ತು, ಅದನ್ನು ಒಪ್ಪಲೇಬೇಕು. ಕಾಲು ಭಾಗ ಇಳಿಸಿ, ತೋಟಕ್ಕೆ ಇನ್ನೂ ಹೆಚ್ಚು ಬಿಡಿ ಅಂತ 1807ರಲ್ಲೇ ವರದಿ ಬರೆದ. ಮೇಲಿನವರು ಕೇಳಲಿಲ್ಲ. ಊರೂರಿನ ಕಂದಾಯ ವಸೂಲಿಯನ್ನೇ ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟರು. ಹಿಡಿದವರು ಎಷ್ಟೋ ಜನ ದಿವಾಳಿಯಾದರು. ನಡುವೆ ಮನ್ರೋ ವಿಲಾಯತಿಗೆ ಹೋಗಿ ಬಂದ, 1818ರಲ್ಲಿ ಬಾದಾಮಿ, ಬೆಳಗಾವಿ ಕೋಟೆ ಹಿಡಿದ. 1820ರಲ್ಲಿ ತಾನೇ ಮದ್ರಾಸಿನ ಗವರ್ನರ್ ಆಗಿ ಕೂತ ಮೇಲಷ್ಟೇ ಆ ಕಾಲು ಭಾಗ ಇಳಿದದ್ದು.